ಹಡಗು ಮಾರನೆಯ ದಿನ ಬಂತು

ನಾನು ನಿಂತಿದ್ದದ್ದು ಕೆರೆಯ ಏರಿಯ ಮೇಲೆ, ತೂಬಿನಿಂದ ಕೋಡಿಯ ಕಡೆಗೆ ನಲವತ್ತು ಹೆಜ್ಜೆ ದೂರದಲ್ಲಿ, ಬುಡ ಸೀಳಿದ ಒಂದು ಹುಣಸೆಮರದ ಪಕ್ಕ. ಆ ಹೆಜ್ಜೆಗಳನ್ನು ಆಮೇಲೆ ಎರಡು ಸಲ ಎಣಿಸಿದ್ದೇನೆ. ಒಂದು ಸಲ ನಲವತ್ತು ಬಂತು, ಇನ್ನೊಂದು ಸಲ ನಲವತ್ತಮೂರು. ಊರು ಮುಳಬಾಗಿಲು ತಾಲ್ಲೂಕಿನಲ್ಲಿ, ಬೈರಕೂರಿನಿಂದ ಎರಡು ಮೈಲಿ. ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲೊಂದು, ಕಾರ್ತಿಕ ಮಾಸ, ಸೋಮವಾರ ಬೆಳಿಗ್ಗೆ. ಗಂಟೆ ಹೇಳಲಾರೆ. ನನ್ನ ಗಡಿಯಾರವನ್ನು ಕೋಲಾರದಲ್ಲಿ ರಿಪೇರಿಗೆ ಕೊಟ್ಟಿದ್ದೆ. ಶಾಲೆಯ ಗಂಟೆ ಹೊಡೆಯುವ ಹೊತ್ತು ಇನ್ನೂ ಆಗಿರಲಿಲ್ಲ ಎಂಬುದಷ್ಟು ಖಂಡಿತ. ತುಂತುರು ಬೀಳುತ್ತಿತ್ತು. ನನ್ನ ಕೈಯಲ್ಲಿ ಕೊಡೆ ಇತ್ತು. ಕೊಡೆಯನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಅದನ್ನು ಮರೆಯಲು ಸಾಕಷ್ಟು ಪ್ರಯತ್ನಪಟ್ಟಿದ್ದೇನೆ.

ಇದು ಇವತ್ತು ನೆನಪಾದದ್ದು ಎದುರುಮನೆಯ ಮಹಡಿಯ ಮೇಲೆ ಒಣಹಾಕಿದ ಒಂದು ಕೆಂಪು ಚೌಕಳಿ ಟವಲಿನಿಂದ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಕೂತಿದ್ದೆ. ಗಾಳಿಗೆ ಅದರ ಒಂದು ತುದಿ ಕಿತ್ತುಕೊಂಡು ಎಡಕ್ಕೂ ಬಲಕ್ಕೂ ಬೀಸತೊಡಗಿತು. ನಾನು ಎದ್ದು ನಿಂತೆ. ಯಾಕೆ ನಿಂತೆನೋ ತಿಳಿಯಲಿಲ್ಲ. ಬಲಗೈ ಅರ್ಧಕ್ಕೆ ಮೇಲೆದ್ದಿತ್ತು. ಕಾಫಿ ಪಂಚೆಯ ಮೇಲೆ ಚೆಲ್ಲಿತು. ಎದುರುಮನೆಯಾಕೆ ಆಚೆ ಬಂದು, ಮುದುಕರು ತನಗೆ ನಮಸ್ಕಾರ ಮಾಡುತ್ತಿದ್ದಾರೆಂದು ತಿಳಿದು, ತಾನೂ ಕೈ ಮುಗಿದಳು.

ಆ ಊರಿಗೆ ಮೇಷ್ಟರಾಗಿ ಹೋದಾಗ ನನಗೆ ಇಪ್ಪತ್ತಮೂರು ವಯಸ್ಸು. ಹುಟ್ಟಿ ಬೆಳೆದದ್ದು ಮಾಲೂರು. ಟ್ರಂಕಿನಲ್ಲಿ ಎರಡು ಪಂಚೆ, ಒಂದು ಕೋಟು, ಮೂರು ಇಂಗ್ಲಿಷ್ ಪುಸ್ತಕ. ಮೂರೂ ಒಂದೇ ಬಗೆಯವು. ಹಡಗು ಒಡೆಯುತ್ತದೆ, ಒಬ್ಬ ಮನುಷ್ಯ ಯಾರೂ ಇಲ್ಲದ ದ್ವೀಪಕ್ಕೆ ಬಂದು ಬೀಳುತ್ತಾನೆ, ಸಿಹಿನೀರು ಹುಡುಕುತ್ತಾನೆ, ಬೆಂಕಿ ಮಾಡುತ್ತಾನೆ, ವರ್ಷಗಟ್ಟಲೆ ಕಾಯುತ್ತಾನೆ. ಸಮುದ್ರವನ್ನೇ ನೋಡದ ನನಗೆ ಈ ಕತೆಗಳ ಹುಚ್ಚು ಯಾಕೆ ಹತ್ತಿತೋ! ಅವುಗಳಲ್ಲಿ ನನಗೆ ಇಷ್ಟವಾಗುತ್ತಿದ್ದದ್ದು ಸಾಹಸವಲ್ಲ, ಸಾಮಾನಿನ ಪಟ್ಟಿ. ಒಂದು ಕೊಡಲಿ, ಒಂದು ಸುರುಳಿ ಹಗ್ಗ, ನೆನೆದ ಅರ್ಧ ಮೂಟೆ ಕಾಳು. ಒಂಟಿ ಮೇಷ್ಟರ ಕೋಣೆಯಲ್ಲಿ ಕೂತು ನಾನೂ ನನ್ನ ಪಟ್ಟಿ ಮಾಡಿಕೊಳ್ಳುತ್ತಿದ್ದೆ: ಒಂದು ಒಲೆ, ಒಂದು ಮಡಕೆ, ಎರಡು ಸೇರು ರಾಗಿ ಹಿಟ್ಟು. ಗಂಟಿಲ್ಲದ ಮುದ್ದೆ ಮಾಡಲು ಕಲಿತ ದಿನ ಬೆಂಕಿಯನ್ನೇ ಕಂಡುಹಿಡಿದವನಂತೆ ಬೀಗಿದ್ದೆ.

ಶಾಲೆಯ ಮುಂದೆ ಹೊಂಗೆಮರದ ಕಟ್ಟೆಯಿತ್ತು. ಸಂಜೆ, ಬೆಳಕಿರುವಷ್ಟು ಹೊತ್ತು, ಅಲ್ಲಿ ಕೂತು ಒಂದು ಪುಸ್ತಕವನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದ ಕಾಲ, ದೀಪ ಹಚ್ಚುವಂತಿರಲಿಲ್ಲ. ಕತ್ತಲಾಯಿತೆಂದರೆ ಕತೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. ಮೊದಲು ಮಕ್ಕಳು ಬಂದರು, ಆಮೇಲೆ ದೊಡ್ಡವರು. ಪಟೇಲ್ ಮುನಿಶಾಮಿಗೌಡರು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಊರಿನ ನೀರುಗಂಟಿ ಗಂಗುಲಪ್ಪ ಕಟ್ಟೆಯಿಂದ ಹತ್ತು ಹೆಜ್ಜೆ ಆಚೆ, ಒಂದು ಒಡೆದ ಒರಳುಕಲ್ಲಿನ ಮೇಲೆ. ಕೆರೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ, ಅವನಪ್ಪನ ಕೆಲಸ. ಇಡೀ ಊರಿನ ನೀರು ಅವನ ಕೈಯಲ್ಲಿ. ಊರೊಳಗಿನ ಬಾವಿಯ ಹಗ್ಗವನ್ನು ಮಾತ್ರ ಅವನು ಮುಟ್ಟುವಂತಿರಲಿಲ್ಲ. ನಾನೂ ಒಂದು ದಿನವೂ ಅವನನ್ನು ಹತ್ತಿರ ಬಂದು ಕೂರು ಎನ್ನಲಿಲ್ಲ. ದನಿಯನ್ನು ಸ್ವಲ್ಪ ಎತ್ತರಿಸಿ ಓದುತ್ತಿದ್ದೆ. ಅದನ್ನೇ ಉದಾರತೆ ಎಂದುಕೊಂಡಿದ್ದೆ.

ಕತೆಯ ಬಗ್ಗೆ ಹೆಚ್ಚು ಪ್ರಶ್ನೆ ಕೇಳುತ್ತಿದ್ದವನು ಅವನೇ.

"ಸಮುದ್ರಕ್ಕೆ ಏರಿ ಇಲ್ವಾ ಮೇಷ್ಟ್ರೇ?"

"ಇಲ್ಲಪ್ಪ."

"ಏರಿ ಇಲ್ದೆ ನೀರು ಹೆಂಗ್ ನಿಲ್ತದೆ? ಕೋಡಿ ಎಲ್ಲಿ ಬೀಳ್ತದೆ?"

"ಲೇ, ನಿಂಗ್ಯಾಕ್ಲಾ ಅದು?" ಎಂದರು ಗೌಡರು. "ಅಲ್ಲೂ ನೀರುಗಂಟಿಕೆ ಮಾಡೋಕೋಯ್ತೀಯಾ?"

ಎಲ್ಲರೂ ನಕ್ಕರು, ಗಂಗುಲಪ್ಪನೂ ನಕ್ಕ. ಆದರೆ ಬಿಡಲಿಲ್ಲ. ಅಷ್ಟು ನೀರಿದ್ದರೂ ಉಪ್ಪು, ಕುಡಿಯಲು ಬರುವುದಿಲ್ಲ ಎಂದು ನಾನು ಹೇಳಿದಾಗ "ನಮ್ ತರಾನೇ" ಎಂದ. ಅದಕ್ಕೆ ಯಾರೂ ನಗಲಿಲ್ಲ. ದ್ವೀಪದ ನಡುವೆ ಒಂದು ಸಿಹಿನೀರಿನ ಹೊಂಡ ಸಿಕ್ಕಿತು ಎಂದ ದಿನ ಕೇಳಿದ:

"ಆ ಹೊಂಡಕ್ಕೆ ಅವನೇ ಕೈ ಹಾಕಿ ಕುಡೀತಿದ್ನಾ ಸಾಮಿ?"

"ಹೌದು."

"ಯಾರೂ ಏನೂ ಅಂತಿರ್ಲಿಲ್ವಾ?"

"ಅನ್ನೋಕೆ ಅಲ್ಲಿ ಯಾರಿದ್ದಾರೆ?"

"ಹಂಗಾದ್ರೆ," ಎಂದ ಗಂಗುಲಪ್ಪ, "ಅವನಿಗೆ ಹಡಗ್ಯಾಕೆ ಬೇಕು?"

ನಾನು ಮುಂದಿನ ಪುಟ ತಿರುವಿದೆ.

ಆ ಸೋಮವಾರಕ್ಕೆ ಮುಂಚಿನ ಶನಿವಾರ ಸಂಜೆ ಕತೆ ಬಂದು ನಿಂತದ್ದು ಹಡಗಿನ ಹತ್ತಿರ. ದೂರದಲ್ಲಿ ಹಾಯಿ ಕಾಣುತ್ತದೆ. ದ್ವೀಪದವನು ಅಂಗಿ ಬಿಚ್ಚಿ ಬೀಸುತ್ತಾನೆ. ಬೀಸಿ ಬೀಸಿ ಕೈ ಸೋತ ಮೇಲೆ ಹಡಗಿನ ಮೇಲಿಂದ ಒಬ್ಬ ಏನನ್ನೋ ಎತ್ತಿ ಆಡಿಸುತ್ತಾನೆ. ದ್ವೀಪದವನು ಅಲ್ಲೇ ಮರಳಿನ ಮೇಲೆ ಕುಸಿದು ಕೂರುತ್ತಾನೆ. "ತಿರುಗಿ ಆಡಿಸಿದರೆ 'ಕಂಡೆವು, ಬರ್ತೀವಿ' ಅಂತ ಅರ್ಥ" ಎಂದು ನಾನು ವಿವರಿಸಿದೆ. ಪುಸ್ತಕದಲ್ಲಿ ಅಷ್ಟು ಬಿಡಿಸಿ ಬರೆದಿರಲಿಲ್ಲ. ಮೇಷ್ಟರ ಬುದ್ಧಿ, ವಿವರಿಸಿದೆ. ಅಷ್ಟರಲ್ಲಿ ಕಪ್ಪಾಯಿತು. ಮೋಡವೂ ಕವಿದಿತ್ತು. ಉಳಿದದ್ದು ನಾಳೆಗೆ ಎಂದು ಪುಸ್ತಕ ಮುಚ್ಚಿದೆ.

ಈಗ ಟವಲಿನ ವಿಷಯ ಹೇಳಬೇಕು. ಗದ್ದೆಗೆ ನೀರು ಬಿಡುವಾಗ ಗಂಗುಲಪ್ಪ ದೂರದ ಕಾಲುವೆಯ ಮೇಲಿರುತ್ತಿದ್ದ, ಅವನ ಹೆಂಡತಿ ಯಲ್ಲಮ್ಮ ಕೆರೆಯ ನೀರು ಹೊರಬಿಡುವ ತೂಬಿನ ಮೇಲೆ. ಕೂಗಿದರೆ ಕೇಳುವ ದೂರವಲ್ಲ. ಅವನು ಟವಲನ್ನು ನೆಟ್ಟಗೆ ಮೇಲೆತ್ತಿ ಹಿಡಿದರೆ ಅವಳು ತೂಬಿನ ಗೂಟ ಎತ್ತುವಳು. ಎಡಕ್ಕೂ ಬಲಕ್ಕೂ ಬೀಸಿದರೆ ಗೂಟ ಇಳಿಸಿ ಮುಚ್ಚುವಳು. ನೀರು ನಿಂತದ್ದನ್ನು ಕಣ್ಣಾರೆ ನೋಡುವವರೆಗೆ ಅವನು ಟವಲು ಇಳಿಸುತ್ತಿರಲಿಲ್ಲ. ಶಾಲೆಯ ಕಿಟಕಿಯಿಂದ ಇದನ್ನು ದಿನವೂ ನೋಡುತ್ತಿದ್ದೆ. ಊರಿನ ಸಣ್ಣ ಮಕ್ಕಳಿಗೂ ಆ ಟವಲನ್ನು ಓದಲು ಬರುತ್ತಿತ್ತು, ನಾನು ಕಲಿಸುವ ಅಕ್ಷರಗಳಿಗಿಂತ ಚೆನ್ನಾಗಿ.

ಕೆರೆಯ ನಡುವೆ ಒಂದು ದಿಬ್ಬ. ಅದರ ಮೇಲೆ ಒಂದು ಜಾಲಿಮರ, ಗಂಗಮ್ಮನ ಒಂದು ಕಲ್ಲು. ನೀರು ದಿಬ್ಬದ ಬುಡ ಮುಟ್ಟಿದಾಗ ನೀರುಗಂಟಿ ನಡೆದುಹೋಗಿ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಬೇವಿನ ಸೊಪ್ಪು ಇಟ್ಟು ಬರಬೇಕು. ಅಂದಿನಿಂದ ಕೆರೆ ತುಂಬಿ ಕೋಡಿ ಬಿದ್ದು ಪೂಜೆಯಾಗುವವರೆಗೆ ಯಾರೂ ಆ ನೀರಿಗೆ ತೆಪ್ಪ ಇಳಿಸಕೂಡದು. ಗಂಗಮ್ಮ ತುಂಬಿಕೊಳ್ಳುವ ಹೊತ್ತು, ಅವಳನ್ನು ತುಳಿಯಬಾರದು ಎಂದು. ಭಾನುವಾರ ಮಧ್ಯಾಹ್ನ ಗಂಗುಲಪ್ಪ ಮೊಣಕಾಲುದ್ದ ನೀರಿನಲ್ಲಿ ನಡೆದು ದಿಬ್ಬಕ್ಕೆ ಹೋದ. ಅವನು ಅಲ್ಲಿರುವಾಗಲೇ ಮೇಲಿನ ಊರಿನ ಕೆರೆ ಒಡೆಯಿತು. ಆ ನೀರೆಲ್ಲ ನಮ್ಮ ಕೆರೆಗೆ ನುಗ್ಗಿತು. ಅವನಿಗೆ ಈಜು ಬರುತ್ತಿರಲಿಲ್ಲ. ಕೆರೆ ತುಂಬುವುದು ಎಷ್ಟೋ ವರ್ಷಕ್ಕೊಮ್ಮೆ. ಊರಿನವರು ಈಜು ಕಲಿಯುತ್ತಿದ್ದದ್ದು ಬಾವಿಯಲ್ಲಿ. ಅವನಿಗೆ ಬಾವಿ ಇರಲಿಲ್ಲ.

ಭಾನುವಾರದ್ದನ್ನು ನಾನು ನೋಡಿಲ್ಲ. ಮಳೆಯೆಂದು ಕೋಣೆಯಲ್ಲೇ ಇದ್ದೆ. ನಾನು ಕಂಡದ್ದು ಸೋಮವಾರದ್ದು.

ದಿಬ್ಬ ಎರಡು ಫರ್ಲಾಂಗು ದೂರ. ಮುಳುಗದೆ ಉಳಿದಿದ್ದ ನೆಲ ಒಂದು ಒಕ್ಕಣೆಯ ಕಣದಷ್ಟಿತ್ತು. ಜಾಲಿಮರದ ಪಕ್ಕ ಗಂಗುಲಪ್ಪ ನಿಂತಿದ್ದ. ಏರಿಯ ಮೇಲೆ ಮೂವತ್ತು ನಲವತ್ತು ಜನ. ಗೌಡರು ಏರಿಯ ಮಣ್ಣನ್ನೇ ನೋಡುತ್ತಾ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದರು. ಅದು ಒಡೆದರೆ ಕೆಳಗಿನ ಗದ್ದೆಗಳ ಜೊತೆ ಅರ್ಧ ಊರೂ ಹೋಗುತ್ತಿತ್ತು. ಭಾರ ಇಳಿಯಲೆಂದು ರಾತ್ರಿಯೇ ತೂಬು ತೆಗೆಸಿದ್ದರು. ನನ್ನ ಪಕ್ಕದಲ್ಲಿ ಮುಳಬಾಗಿಲಿನ ಬಾಷಾ ಇದ್ದ, ಪಾತ್ರೆಗೆ ಕಲಾಯಿ ಹಾಕಲು ಬಂದು ಮಳೆಗೆ ಸಿಕ್ಕಿಕೊಂಡವನು. ನನಗಿಂತ ಒಂದೆರಡು ವರ್ಷ ಚಿಕ್ಕವನು.

ಆಗ ಗಂಗುಲಪ್ಪ ಟವಲು ಬಿಚ್ಚಿದ. ತಲೆಯ ಮೇಲೆ ಹಿಡಿದು ಎಡಕ್ಕೂ ಬಲಕ್ಕೂ ಬೀಸಿದ.

"ತೂಬು ಮುಚ್ಚು ಅಂತಾನೆ!" ಎಂದು ಯಾರೋ ಕೂಗಿದರು.

"ಮುಚ್ಚು ಅಂತಾನೆ" ಎಂದರು ಗೌಡರೂ. "ಅಲ್ಲಿಂದ ಅವನಿಗೆ ಏರಿ ಪೂರ್ತಿ ಕಾಣ್ತದೆ. ತೂಬಿನ ಹತ್ರ ಏನೋ ಕುಸೀತಾ ಇರ್ಬೇಕು. ಯಲ್ಲಮ್ಮಾ, ಇಳ್ಸಮ್ಮಾ ಗೂಟ!"

ನಾನು ಹೇಳಿದೆ. ಮೆಲ್ಲಗೆ ಹೇಳಿದೆ, ಆದರೆ ಹೇಳಿದ್ದು ನಿಜ: "ಗೌಡ್ರೇ, ಅವನು ನಮ್ಮನ್ನ ಕರೀತಿರಬಹುದು."

ಗೌಡರು ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಮೇಷ್ಟ್ರೇ, ಇದು ನಿಮ್ ಕತೆ ಅಲ್ಲ. ಆ ಟವಲ್ ನೋಡ್ಕೊಂಡೇ ನಾವು ಹುಟ್ಟಿರೋದು."

ಅವರ ಮಾತು ಸುಳ್ಳಲ್ಲ. ಯಲ್ಲಮ್ಮ ಸೆರಗು ಸೊಂಟಕ್ಕೆ ಬಿಗಿದು, ನೀರೊಳಗೆ ಚಾಚಿದ ಕಲ್ಲುಚಪ್ಪಡಿಗಳ ಮೇಲೆ ನಡೆದು ತೂಬಿನ ಕಡೆ ಹೋದಳು. ದಿಬ್ಬದ ಮೇಲೆ ಟವಲು ಬೀಸುತ್ತಲೇ ಇತ್ತು. ಏನಾದರೂ ಮಾಡಬೇಕೆನ್ನಿಸಿತು. ಏನು ಎಂದು ತೋಚಲಿಲ್ಲ. ಕೈಯಲ್ಲಿದ್ದ ಕೊಡೆಯನ್ನು, ಬಿಚ್ಚಿದ್ದ ಹಾಗೇ, ಮೇಲೆತ್ತಿ ಎರಡು ಸಲ ಆಡಿಸಿದೆ. ಊರಿಗೆಲ್ಲ ಇದ್ದದ್ದು ಅದೊಂದೇ ಕರಿ ಕೊಡೆ.

ಗಂಗುಲಪ್ಪ ಟವಲು ಇಳಿಸಿದ. ಮರಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟ.

"ನೋಡಿದ್ರಾ?" ಎಂದರು ಗೌಡರು. "ತೂಬು ಮುಚ್ಚಿದ್ದು ಕಂಡ, ಕೂತ್ಕೊಂಡ."

ತೂಬು ಮೊದಲು ಮುಚ್ಚಿತೋ, ನನ್ನ ಕೊಡೆ ಮೊದಲು ಎದ್ದಿತೋ? ನಾನು ತೂಬಿನ ಕಡೆ ನೋಡುತ್ತಿರಲಿಲ್ಲ. ಇಷ್ಟು ವರ್ಷ ಈ ಒಂದು ಗಳಿಗೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದ್ದೇನೆ. ಕೆಲವು ದಿನ ಯಲ್ಲಮ್ಮನ ಕೈ ಗೂಟದ ಮೇಲೆ ಮೊದಲು ಕಾಣಿಸುತ್ತದೆ, ಕೆಲವು ದಿನ ಕೊಡೆ. ಅವನು ತೂಬು ಮುಚ್ಚಿದ್ದು ಕಂಡು ಕೂತಿದ್ದರೆ ನಾನು ನೋಡುತ್ತಾ ನಿಂತ ನಲವತ್ತು ಜನರಲ್ಲಿ ಒಬ್ಬ. ಕೊಡೆ ಕಂಡು ಕೂತಿದ್ದರೆ ನಾನು ಮಾತು ಕೊಟ್ಟವನು. ಕೊಟ್ಟು, ಶಾಲೆಗೆ ಹೊತ್ತಾಯಿತೆಂದು ಹೋದವನು. ಹೌದು, ಹೋದೆ. ಆ ದಿನ ಬಂದದ್ದು ಒಂಬತ್ತು ಮಕ್ಕಳು. ಗುಣಾಕಾರ ಹೇಳಿಕೊಟ್ಟೆ.

ಆ ರಾತ್ರಿಯ ಬಗ್ಗೆ ಏನೂ ಹೇಳಲಾರೆ. ನಾನು ಏರಿಯ ಮೇಲಿರಲಿಲ್ಲ. ಯಲ್ಲಮ್ಮ ಇದ್ದಳಂತೆ.

ಮಂಗಳವಾರ ಬೆಳಿಗ್ಗೆ ಏರಿಯ ಮೇಲೆ ಹೋದಾಗ ದಿಬ್ಬ ಕಾಣಲಿಲ್ಲ. ಜಾಲಿಮರ ನೀರಿನ ಮೇಲೆ ನೆಟ್ಟ ಹಾಗಿತ್ತು. ಗಂಗುಲಪ್ಪ ಮರದ ಕವಲನ್ನು ಅಪ್ಪಿ ನಿಂತಿದ್ದ, ನೀರು ಅವನ ತೊಡೆಯವರೆಗೆ. ಟವಲು ಹೆಗಲ ಮೇಲಿತ್ತು. ಅವನು ಅದನ್ನು ಬೀಸುತ್ತಿರಲಿಲ್ಲ. ನಾನು ಹೆದರಿದ್ದು ನೀರು ಕಂಡಲ್ಲ, ಅದನ್ನು ಕಂಡು. ಕರೆಯುವವನಾದರೆ ಈಗಲ್ಲವೇ ಕರೆಯಬೇಕು?

ತೂಬು ತೆರೆದೇ ಇದ್ದಿದ್ದರೆ ನೀರು ಎಷ್ಟು ಕಡಿಮೆ ಇರುತ್ತಿತ್ತು? ಆಮೇಲೆ ತಿಳಿದವರನ್ನು ಕೇಳಿದೆ. ಒಬ್ಬರು ಒಂದು ಗೇಣು ಎಂದರು, ಇನ್ನೊಬ್ಬರು ನಾಲ್ಕು ಬೆರಳೂ ಇಲ್ಲ ಎಂದರು.

ಬಾಷಾ ಅಷ್ಟು ಹೊತ್ತಿಗೆ ಗೌಡರ ಆಲೆಮನೆಯ ಮುಂದೆ ನಿಂತಿದ್ದ. ಅಲ್ಲಿ ಬೆಲ್ಲ ಕಾಯಿಸುವ ಕಬ್ಬಿಣದ ಕೊಪ್ಪರಿಗೆ ಮಗುಚಿ ಬಿದ್ದಿತ್ತು, ಇಬ್ಬರು ಮಲಗುವಷ್ಟು ಅಗಲ.

"ಗೌಡ್ರೇ, ಇದನ್ನ ಕೊಡಿ. ನಾನ್ ಹೋಗಿ ಕರ್ಕೊಂಡ್ ಬರ್ತೀನಿ."

"ಇನ್ನೂ ಕೋಡಿ ಬಿದ್ದಿಲ್ಲ ಸಾಬ್ರೇ. ಪೂಜೆ ಆಗ್ಬೇಕು."

"ನಿಮ್ ಗಂಗಮ್ಮ ನನ್ ಮೇಲೆ ಕೋಪ ಮಾಡ್ಕೊಳ್ಳಲಿ ಬಿಡಿ. ನಾನು ಮುಳಬಾಗಿಲಿಗೆ ಹೋಗ್ಬಿಡ್ತೀನಿ, ಅಲ್ಲಿಗಂಟ ಬರ್ತಾಳಾ?"

ಗೌಡರು ಕೊಪ್ಪರಿಗೆಯನ್ನೇ ನೋಡುತ್ತಾ ನಿಂತರು. ಅವರ ಮನಸ್ಸಿನಲ್ಲಿದ್ದದ್ದು ಪೂಜೆಯೊಂದೇ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇಡೀ ಊರು ತಿನ್ನುವ ಬೆಲ್ಲ ಅದರಲ್ಲಿ ಕಾಯುತ್ತಿತ್ತು. ಅದರೊಳಗೆ ಕೂರಬೇಕಾದವನು ಗಂಗುಲಪ್ಪ. ಕೊನೆಗೆ ಮೆಲ್ಲಗೆ, "ಬಾಳೆದಿಂಡಿನ ತೆಪ್ಪ ಕಟ್ಟಿದ್ರೆ ಆಗಲ್ವಾ?" ಎಂದರು.

"ಕಟ್ಟೋ ಹೊತ್ತಿಗೆ ಮರಾನೂ ಇರಲ್ಲ" ಎಂದ ಬಾಷಾ. "ಕಬ್ಬಿಣ ಗೌಡ್ರೇ. ಒಂದ್ಸಲ ಬೆಂಕಿಗಿಟ್ರೆ ಹೊಸದಾಗ್ತದೆ. ಮನುಷ್ಯ ಆಗಲ್ಲ."

ಗೌಡರು ಬಗ್ಗಿ ಕೊಪ್ಪರಿಗೆಯ ಅಂಚಿನ ಒಂದು ಬಳೆ ಹಿಡಿದು ತಾವೇ ಎತ್ತಿದರು. ಇದನ್ನೂ ಬರೆಯಬೇಕು, ಬರೆದಿದ್ದೇನೆ. ಆಗ ನಾನೂ ಒಂದು ಬಳೆ ಹಿಡಿದೆ.

ಬಾಷಾ ಒಂದು ಹಲಗೆಯಿಂದ ಹುಟ್ಟು ಹಾಕುತ್ತಾ ಹೋದ. ಕೊಪ್ಪರಿಗೆ ಬುಗುರಿಯಂತೆ ಸುತ್ತುತ್ತಿತ್ತು. ಅವನು ಮರ ಮುಟ್ಟುವ ಹೊತ್ತಿಗೆ ಇತ್ತ ಕೋಡಿ ಬಿತ್ತು. ಜನ ಆ ಕಡೆ ಓಡಿದರು. ಹಾಗಾಗಿ ಗಂಗುಲಪ್ಪ ದಡಕ್ಕೆ ಬಂದಾಗ ಅಲ್ಲಿ ಇದ್ದದ್ದು ಯಲ್ಲಮ್ಮ, ಗೌಡರು, ನಾನು, ಇನ್ನು ನಾಲ್ಕೈದು ಜನ. ಅವನ ಕಾಲುಗಳು ನೆನೆದ ಕಾಗದದ ಹಾಗೆ ಬೆಳ್ಳಗಾಗಿದ್ದವು.

"ಏನ್ಲಾ ಗಂಗುಲಾ," ಎಂದರು ಗೌಡರು. "ನಿನ್ನೆ ತೂಬು ಮುಚ್ಚು ಅಂತ ತಾನೇ ಬೀಸಿದ್ದು?"

ಗಂಗುಲಪ್ಪ ಹೆಂಡತಿಯನ್ನು ನೋಡಿದ, ಕೊಪ್ಪರಿಗೆಯನ್ನು ನೋಡಿದ. "ಹೂಂ ಸಾಮಿ. ಮುಚ್ಚಿ ಅಂತಾನೇ."

ಗೌಡರು ನಿಟ್ಟುಸಿರು ಬಿಟ್ಟು ಕೋಡಿಯ ಕಡೆ ಹೋದರು. ಅವನು ಹಾಗೆ ಹೇಳಿದ್ದು ನಿಜವಾಗಿದ್ದಕ್ಕೋ, ತೂಬು ಮುಚ್ಚಿದ್ದು ತನ್ನ ಹೆಂಡತಿಯ ಕೈ ಆಗಿದ್ದಕ್ಕೋ, ಗೌಡರಿಗೆ ಬೇರೆ ಉತ್ತರ ಕೊಡುವುದು ಅವನಿಂದ ಆಗದ್ದಕ್ಕೋ, ಯಾವುದನ್ನೂ ನಾನು ಆಣೆ ಮಾಡಿ ಹೇಳಲಾರೆ. ಯಲ್ಲಮ್ಮನ ಹೆಗಲ ಮೇಲೆ ಕೈ ಹಾಕಿ ಎರಡು ಹೆಜ್ಜೆ ಹೋದವನು ನನ್ನ ಮುಂದೆ ನಿಂತ.

"ಮೇಷ್ಟ್ರೇ, ಆ ಹಡಗು ಬಂತಾ?"

"ಬಂತು."

"ಎಷ್ಟೊತ್ತಿಗೆ?"

ಪುಸ್ತಕದಲ್ಲಿ ಹಡಗಿನವರು ಆ ಕ್ಷಣವೇ ದೋಣಿ ಇಳಿಸುತ್ತಾರೆ. ಹೊತ್ತು ಮುಳುಗುವುದರೊಳಗೆ ಅವನು ಹಡಗಿನ ಮೇಲೆ ಬಿಸಿ ಗಂಜಿ ಕುಡಿಯುತ್ತಿರುತ್ತಾನೆ. ನಾನು ಹೇಳಿದೆ: "ಮಾರನೆಯ ದಿನ."

ಗಂಗುಲಪ್ಪ ತಲೆಯಾಡಿಸಿದ. "ಹಂಗಾದ್ರೆ ಸರಿ" ಎಂದು ಹೊರಟುಹೋದ.

ಕತೆಯ ಬಗ್ಗೆ ಕೇಳಿದನೋ, ನನ್ನ ಬಗ್ಗೆ ಕೇಳಿದನೋ? ಆಮೇಲೆ ಕಟ್ಟೆಯ ಮೇಲೆ ನಾನು ಪುಸ್ತಕ ತೆರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಅವನು ಸಿಕ್ಕಿದಾಗಲೆಲ್ಲ ಮೊದಲಿನಂತೆಯೇ ಮಾತಾಡಿಸುತ್ತಿದ್ದ. ನನಗೆ ಅದೇ ಕಷ್ಟವಾಗುತ್ತಿತ್ತು. ಎರಡು ವರ್ಷದ ಮೇಲೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಗಂಗುಲಪ್ಪ ಬಹಳ ವರ್ಷ ನೀರುಗಂಟಿಕೆ ಮಾಡಿಕೊಂಡಿದ್ದು ತನ್ನ ಮನೆಯಲ್ಲೇ ಜ್ವರದಿಂದ ತೀರಿಕೊಂಡನೆಂದು ಕೇಳಿದೆ. ಗೌಡರೂ ಹೋದರು.

ಹೋದ ತಿಂಗಳು ಯಲ್ದೂರಿನಲ್ಲಿ ಒಂದು ಮದುವೆ. ಅಲ್ಲಿ ಮಾವಿನ ತೋಪಿನ ಪಕ್ಕದ ಮನೆಯ ಜಗಲಿಯ ಮೇಲೆ ಕೂತಿದ್ದ ಮುದುಕಿ ನನ್ನನ್ನು ಗುರುತಿಸಿ "ಏಮಿ ಮೇಷ್ಟ್ರೇ, ಕೂದ್ಲೆಲ್ಲ ಯಾರಿಗ್ ಕೊಟ್ರಿ?" ಎಂದಳು. ಯಲ್ಲಮ್ಮ. ಮಗಳ ಮನೆ ಅದು. ಪಕ್ಕದಲ್ಲಿ ಕೂತೆ. ಮಗಳು ಕಾಫಿ ಕೊಟ್ಟಳು, ಕುಡಿದೆ. ಮಾತು ಕೆರೆಗೆ ಬಂತು. ನಾನು ತಂದದ್ದಲ್ಲ, ಅವಳೇ ತಂದದ್ದು.

"ಒಂದ್ ಮಾತು ಇವತ್ತಿಗೂ ತಿಳೀಲಿಲ್ಲ ಕಣಪ್ಪಾ ನಂಗೆ," ಎಂದಳು. "ನಾನು ಗೂಟಕ್ಕೆ ಕೈ ಹಾಕೋ ಮುಂಚೇನೇ ಅವ್ನು ಕೂತಾಗಿತ್ತು. ನೀರು ನಿಲ್ಲೋಗಂಟ ಟವಲ್ ಇಳಿಸ್ದೋನೇ ಅಲ್ಲ ಅವ್ನು, ಒಂದಿನಾನೂ. ಆವತ್ತು ಏನ್ ಕಂಡು ಕೂತ್ನೋ. ಕೇಳಿದ್ರೆ ನಗೋನು, ಹೇಳ್ತಿರ್ಲಿಲ್ಲ. ನೀವೂ ಏರಿ ಮೇಲೇ ಇದ್ರಲ್ಲ, ನಿಮ್ಗೇನಾದ್ರೂ ಕಾಣಿಸ್ತಾ?"

"ನೆನಪಿಲ್ಲಮ್ಮ" ಎಂದೆ.

ತೂಬಿನ ಕಲ್ಲುಗಳ ನಡುವೆ ಬಗ್ಗಿದ್ದವಳಿಗೆ ದಿಬ್ಬ ಕಾಣುತ್ತಿತ್ತೇ, ಇಷ್ಟು ವರ್ಷದ ಮೇಲೆ ಅವಳ ನೆನಪೂ ನನ್ನ ನೆನಪಿನ ಹಾಗೆ ಹಿಂದೆ ಮುಂದಾಗಿರಬಹುದಲ್ಲವೇ ಎಂದು ತಿಂಗಳೆಲ್ಲ ವಾದ ಮಾಡಿಕೊಂಡೆ. ಇವತ್ತು ಬೆಳಿಗ್ಗೆ ಎದುರುಮನೆಯ ಟವಲಿಗೆ ನನ್ನ ಕೈ ತಾನಾಗಿ ಎದ್ದಿತಲ್ಲ, ಅಲ್ಲಿಗೆ ವಾದ ಮುಗಿಯಿತು. ಯಾವುದು ಮೊದಲಾಯಿತೋ ನನಗೆ ಈಗಲೂ ಗೊತ್ತಿಲ್ಲ. ಕೊಡೆ ಎತ್ತಿದ್ದು ಗೊತ್ತು. ಯಲ್ಲಮ್ಮ ಕೇಳಿದ್ದು ಅಷ್ಟೇ. ಪಂಚೆ ಬದಲಾಯಿಸಿ, ಕೂತು, ಮೊದಲಿಂದ ಇದನ್ನು ಬರೆದೆ. ಎದುರುಮನೆಯಾಕೆ ಟವಲು ಒಳಗೆ ತೆಗೆದುಕೊಂಡು ಆಗಲೇ ಬಹಳ ಹೊತ್ತಾಗಿದೆ.

ಆ ಸೋಮವಾರ ಏರಿಯ ಮೇಲಿದ್ದು ಇದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಬದುಕಿರುವವರು, ನಾನು ಬಲ್ಲಂತೆ, ಇಬ್ಬರು. ಒಬ್ಬ ಬಾಷಾ, ಮುಳಬಾಗಿಲಿನಲ್ಲಿದ್ದಾನೆ, ಕಣ್ಣು ಮಂಜಾಗಿದೆ. ಕೊಡೆ ಎದ್ದಾಗ ನನ್ನ ಪಕ್ಕದಲ್ಲೇ ನಿಂತಿದ್ದ, ಇವತ್ತಿನವರೆಗೆ ಒಂದು ಸಲವೂ ಅದರ ಮಾತೆತ್ತಿಲ್ಲ. ಇನ್ನೊಬ್ಬಳು ಯಲ್ಲಮ್ಮ, ಯಲ್ದೂರಿನಲ್ಲಿ ಮಗಳ ಮನೆಯಲ್ಲಿ. ಕೊಡೆಯ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ನಾಳೆ ಮೊದಲನೇ ಬಸ್ಸಿಗೆ ಯಲ್ದೂರಿಗೆ ಹೊರಡುತ್ತೇನೆ.